ಹಂಸಕ್ಕೆ ನೂರಕ್ಕೆ ಎಷ್ಟು

ಮಾರ್ಚ್ 3, ಸೋಮವಾರ

ನಲವತ್ತೆಂಟಂತೆ. ನೂರು ಲಕ್ಷ ಕೊಟ್ಟು ತಂದ ಗಾಡಿಗೆ ಮೂರೇ ವರ್ಷದಲ್ಲಿ ನಲವತ್ತೆಂಟಂತೆ. ಸಂಧಾನದ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದ ಮಹಾರಾಯ. ಕಣ್ಣು ಕೂಡ ಮಿಟುಕಿಸಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ವಿಚ್ಛೇದನ ನೋಡಿಕೊಳ್ಳುತ್ತಿರುವ ವಕೀಲೆಗೆ ನಾನು ಸಂಧಾನದಮ್ಮ ಎಂದು ಹೆಸರಿಟ್ಟಿದ್ದೇನೆ. ಎದುರಿಗೆ ಮನೆ ಹೊತ್ತಿ ಉರಿಯುತ್ತಿದ್ದರೂ "ಇಬ್ಬರ ಮಾತೂ ಕೇಳೋಣ" ಎನ್ನುವ ಹೆಂಗಸು. "ಅಂದ್ರೆ ಅದರಲ್ಲಿ ಅರ್ಧ, ಇಪ್ಪತ್ನಾಲ್ಕು, ಇವರಿಗೆ ಕೊಟ್ಟು ಗಾಡಿ ನೀವೇ ಇಟ್ಕೋತೀರಿ, ಅಲ್ವಾ?" ಎಂದಳು. "ಹೂಂ. ನ್ಯಾಯ ಅಂದ್ರೆ ನ್ಯಾಯ" ಎಂದ. ನ್ಯಾಯವಂತೆ, ಇವನ ಮುಖಕ್ಕೆ.

ಮಕ್ಕಳಿದ್ದಿದ್ದರೆ ಮಕ್ಕಳಿಗಾಗಿ ಕಿತ್ತಾಡುತ್ತಿದ್ದೆವು. ನಮಗಿರುವುದು ಒಂದು ಮೋಟರ್‌ಹೋಮ್. ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಚರ್ಮದ ಸೋಫಾ, ಕಾಲಿಟ್ಟರೆ ಬೆಚ್ಚಗಾಗುವ ನೆಲ, ಮಲಗಿದಲ್ಲೇ ಆಕಾಶ ಕಾಣುವ ಗಾಜಿನ ಚಾವಣಿ, ಎಲ್ಲ ಇರುವ ಐಷಾರಾಮಿ ಗಾಡಿ. ಮುಂದುಗಡೆ ಹಂಸದ ಗುರುತು, ಅದಕ್ಕೇ ಎಲ್ಲರ ಬಾಯಲ್ಲೂ ಹಂಸ. ಇದ್ದ ಮನೆ ಮಾರಿ, ಇದ್ದ ಕೆಲಸ ಬಿಟ್ಟು ಅದನ್ನು ಕೊಂಡೆವು. ಈಗ ಅವನು ಗಾಡಿಯಲ್ಲಿದ್ದಾನೆ, ನಾನು ಲಾಂಡ್ರಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದೇನೆ. ಬೆಳಗ್ಗೆ ಅದೇ ಲಾಂಡ್ರಿಯ ಕೌಂಟರಿನಲ್ಲಿ ಕೂರುತ್ತೇನೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ನನ್ನ ಮಂಚ ನಡುಗುತ್ತದೆ.

ಮಾರ್ಚ್ 5, ಬುಧವಾರ

ಹಂಸವೇ ಬೇಕು ಎಂದು ಕುಣಿದವನು ಯಾರು? ಅವನು. ಅಡುಗೆಮನೆಯ ಗೋಡೆ ತುಂಬ ಪಟ್ಟಿ ಅಂಟಿಸಿ, ಹಂಸ, ಹದ್ದು, ಆಮೆ, ಮೂರು ಕಂಪನಿಯ ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ, "ಮರುಮಾರಾಟಕ್ಕೆ ಹಂಸದಷ್ಟು ಬೆಲೆ ಯಾವುದಕ್ಕೂ ಇಲ್ಲ, ಇದು ಗಾಡಿ ಅಲ್ಲ, ಬಂಗಾರ" ಎಂದು ಬಂದ ನೆಂಟರಿಗೆಲ್ಲ ಪುರಾಣ ಕೊರೆದವನು. ಆಮೆ ತಗೊಳ್ಳೋಣ ಎಂದು ನಾನು ಬಾಯಿ ಬಡಿದುಕೊಂಡೆ. ನೋಡಲು ಫ್ರಿಜ್ಜನ್ನು ಅಡ್ಡ ಮಲಗಿಸಿದಂತಿದೆ, ಒಪ್ಪುತ್ತೇನೆ. ಆದರೆ ಗಟ್ಟಿ ಪಿಂಡ. ಸೇಲ್ಸ್‌ಮನ್ ಎದುರಿಗೇ "ನಿನಗೇನು ಗೊತ್ತಾಗುತ್ತೆ" ಎಂದ. ಆ ಸೇಲ್ಸ್‌ಮನ್ ನನ್ನನ್ನು ನೋಡಿ ಪಾಪ ಎನ್ನುವ ಹಾಗೆ ನಕ್ಕ. ಅವನ ನಗು ಇವತ್ತಿಗೂ ಮರೆತಿಲ್ಲ.

ಈಗ ನೋಡು ಆಟ. ಬೆಲೆ ಇಳಿದಷ್ಟೂ ಅವನು ನನಗೆ ಕೊಡಬೇಕಾದ್ದು ಇಳಿಯುತ್ತದೆ. ಹಂಸವನ್ನು ತಲೆ ಮೇಲೆ ಹೊತ್ತು ಮೆರೆಸಿದವನು ಈಗ ಉಗಿಯುತ್ತಿದ್ದಾನೆ, ಮೂರು ವರ್ಷ ಉಗಿದ ನಾನು ಎಪ್ಪತ್ತಕ್ಕೆ ಒಂದು ಕಾಸು ಕಡಿಮೆಯಿಲ್ಲ ಎಂದು ಹೊಗಳುತ್ತಿದ್ದೇನೆ. ಹೊಗಳುವಾಗ ನಾಲಿಗೆಯೆಲ್ಲ ಕಹಿ.

ಅಕ್ಕ ಫೋನ್ ಮಾಡಿದ್ದಳು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ ಕಣೇ" ಎಂದಳು. ಉಣ್ಣೋದೂ ಬೇರೆ, ಮಲಗೋದೂ ಬೇರೆ ಆಗಿ ಐದು ತಿಂಗಳಾಯ್ತು ಅಕ್ಕ, ಗಾದೆ ಬದಲಾಯಿಸು ಎಂದೆ. ಅವಳಿಗೆ ಹಿಂದಿನ ಗಲ್ಲಿಯ ಮನೆಯ ವಿಷಯ ಹೇಳಿದೆ. ಎರಡೇ ಕೋಣೆ, ಆದರೆ ಬೀದಿಗೆ ತೆರೆಯುವ ಸ್ವಂತ ಬಾಗಿಲಿದೆ. ಈ ಕೋಣೆಗೆ ಬರಬೇಕಾದರೆ ಅಂಗಡಿಯೊಳಗಿಂದ ಹಾದು ಬರಬೇಕು, ನಾನು ಏನು ತಂದೆ, ಎಷ್ಟು ಹೊತ್ತಿಗೆ ಬಂದೆ, ಇಸ್ತ್ರಿಯವನಿಂದ ಹಿಡಿದು ಎಲ್ಲರಿಗೂ ಗೊತ್ತು. ಆ ಮನೆಯ ಅಜ್ಜಿ ನೇರವಾಗಿ ಹೇಳಿದ್ದಾಳೆ, ಮೂವತ್ತಕ್ಕೆ ಕೊಡುತ್ತೇನೆ, ಮಳೆಗಾಲದವರೆಗೆ ಕಾಯುತ್ತೇನೆ. ನನ್ನ ಪಾಲಿಗೆ ಮೂವತ್ತು ಬರಬೇಕಾದರೆ ಹಂಸ ಅರವತ್ತಕ್ಕಾದರೂ ನಿಲ್ಲಬೇಕು. ನಿಲ್ಲಿಸುತ್ತೇನೆ. ಅವನ ತಲೆ ಮೇಲೆ ನಿಲ್ಲಿಸುತ್ತೇನೆ.

ಮಾರ್ಚ್ 11, ಮಂಗಳವಾರ

ಹಳೆಯ ಮೋಟರ್‌ಹೋಮ್ ಮಾರುವ ಯಾರ್ಡಿಗೆ ಹೋಗಿದ್ದೆ. ಜಗಳಕ್ಕೆಂದೇ ಹೋದದ್ದು, ಸುಳ್ಳು ಯಾಕೆ ಬರೆಯಲಿ. ಅವನಿಗೆ ನಲವತ್ತೆಂಟು ಎಂದು ಹೇಳಿದ್ದು ಅಲ್ಲಿಯ ಯಜಮಾನರು. ಎಲ್ಲರೂ ಅವರನ್ನು ಸಾಹುಕಾರ್ರು ಎನ್ನುತ್ತಾರೆ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮೂಗು.

"ಗಾಡಿ ಕಣ್ಣಲ್ಲಿ ನೋಡದೆ ಬೆಲೆ ಹೇಗ್ರೀ ಕಟ್ಟಿದ್ರಿ?" ಎಂದೆ.

"ಫೋನಲ್ಲಿ ಕೇಳಿದ್ರಮ್ಮ. ಮೂರು ವರ್ಷದ ಹಂಸ, ಗಾಜಿನ ಚಾವಣಿದು ಅಂದ್ರು. ಸುಮಾರಾಗಿ ಅಷ್ಟು ಬರಬಹುದು ಅಂದೆ."

"ಎಪ್ಪತ್ತು ಬರುತ್ತೆ. ಒಳಗಡೆ ಚರ್ಮದ ಸೋಫಾ ಇದೆ. ಒಂದು ಗೀರಿಲ್ಲ."

"ಹೆತ್ತವರಿಗೆ ಹೆಗ್ಗಣ ಮುದ್ದು ತಾಯಿ. ಇಲ್ಲಿ ಬರೋರೆಲ್ಲ ಹಾಗೇ ಹೇಳೋದು."

"ನನಗೇನೂ ಮುದ್ದಲ್ಲ. ಆ ಹೆಗ್ಗಣ ಕಂಡ್ರೆ ನನಗಾಗಲ್ಲ" ಎಂದೆ.

ಹೊಟ್ಟೆ ಕುಲುಕಿಸಿ ನಕ್ಕರು. ನಗುವ ಮಾತು ನಾನೇನೂ ಆಡಿರಲಿಲ್ಲ. "ಶನಿವಾರ ಬನ್ನಿ. ಗಿರಾಕಿಗಳು ಯಾವುದಕ್ಕೆ ಕೈ ಹಾಕ್ತಾರೆ, ಯಾವುದರಿಂದ ಕೈ ತೆಗೀತಾರೆ, ಕೂತು ನೋಡಿ. ಆಮೇಲೆ ಬೇಕಾದಷ್ಟು ಜಗಳ ಆಡೋಣ" ಎಂದರು.

ಮಾರ್ಚ್ 22, ಶನಿವಾರ

ಇದು ಎರಡನೇ ಶನಿವಾರ. ಬೆಳಗ್ಗೆಯಿಂದ ಸಂಜೆವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಂಟ ಬಿದ್ದುಹೋಗಿದೆ.

ಹದ್ದು ಎಂದರೆ ಬಸ್ಸಿನಷ್ಟು ಉದ್ದ. ಹೊಟ್ಟೆಯೊಳಗೆ ಒಂದು ಸಣ್ಣ ಕಾರು ನಿಲ್ಲಿಸಬಹುದು, ನಲ್ಲಿಗಳೆಲ್ಲ ಬಂಗಾರದ ಬಣ್ಣ. ಷೋರೂಮಿನ ಗೇಟು ದಾಟಿದೊಡನೆ ನೂರಕ್ಕೆ ಇಪ್ಪತ್ತೈದು ಹೋಯಿತು. ಐದು ವರ್ಷವಾದರೆ ಕೇಳುವ ನರಪಿಳ್ಳೆ ಇಲ್ಲ, ಯಾಕೆಂದರೆ ಅದನ್ನು ಓಡಿಸಲು ಲಾರಿಯ ಲೈಸೆನ್ಸ್ ಬೇಕು, ನಿಲ್ಲಿಸಲು ಮೈದಾನ ಬೇಕು. ಆಮೆಯ ಮೈಯೆಲ್ಲ ಒಂದೇ ಎರಕ. ಚಾವಣಿಗೂ ಗೋಡೆಗೂ ನಡುವೆ ಜೋಡಣೆಯೇ ಇಲ್ಲ, ನೀರು ಬರುವುದೆಲ್ಲಿಂದ? ಐದು ವರ್ಷದ ಆಮೆ ಅರವತ್ತೆಂಟಕ್ಕೆ ಹೋಯಿತು, ನನ್ನ ಕಣ್ಣೆದುರೇ, ಚೌಕಾಸಿ ಕೂಡ ಇಲ್ಲದೆ.

ಹಂಸದ್ದು ಬೇರೆ ಕಥೆ. ಗಾಜಿನ ಚಾವಣಿಯ ಸುತ್ತ ನಾಲ್ಕು ಜೋಡಣೆ. ಅಲ್ಲಿಂದ ನೀರು ಒಳಗಿನ ಮರಕ್ಕೆ ಇಳಿದರೆ ಹೊರಗೆ ಏನೂ ಕಾಣುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು. "ನಾನು ನಲವತ್ತೆಂಟು ಅಂದಿದ್ದು ನಡುವಿನ ಲೆಕ್ಕ" ಎಂದರು ಸಾಹುಕಾರರು. "ಒಣಗಿದ್ರೆ ಅರವತ್ತು. ಒದ್ದೆಯಾಗಿದ್ರೆ ದೇವರೇ ಗತಿ."

ಅರವತ್ತು. ಅಲ್ಲಿಗೆ ನನ್ನ ಮನೆ. ನಮ್ಮ ಗಾಡಿಯಲ್ಲಿ ಒಂದು ಹನಿ ಸೋರಿದ್ದು ನಾನು ಕಂಡಿಲ್ಲ. ಕೊಳ್ಳುವಾಗ ನಾನು ಆಮೆ ಎಂದಿದ್ದನ್ನು ಸಾಹುಕಾರರಿಗೆ ಹೇಳಿದೆ. "ನಿಮ್ಮ ಮಾತು ಕೇಳಬೇಕಿತ್ತು" ಎಂದರು. ಬಾಯುಪಚಾರಕ್ಕೆ ಹೇಳಿದ್ದಿರಬೇಕು. ಬಸ್ಸಿನಲ್ಲಿ ಬರುವಾಗ ಅದನ್ನೇ ಮೆಲುಕು ಹಾಕುತ್ತ ನನ್ನ ಸ್ಟಾಪು ದಾಟಿ ಹೋದೆ.

ಮಾರ್ಚ್ 29, ಶನಿವಾರ

ಇವತ್ತು ಬಾಯಿ ತಡೆಯಲಿಲ್ಲ. ಒಂದು ಜೋಡಿ ಬಂದಿತ್ತು. ಗಂಡ ಹದ್ದಿನ ಸ್ಟೇರಿಂಗ್ ಸವರುತ್ತ ಗಟ್ಟಿಮೇಳಕ್ಕೆ ಕೂತ ಮದುಮಗನ ಹಾಗೆ ಬೀಗುತ್ತಿದ್ದ. ಹೆಂಡತಿ "ಇಷ್ಟು ದೊಡ್ಡದು ಬೇಕಾ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಅವನಿಗೆ ಕೇಳಿಸಲಿಲ್ಲ.

"ಅವರು ಏನೋ ಕೇಳ್ತಿದಾರೆ ನೋಡಿ" ಎಂದೆ ಕುರ್ಚಿಯಿಂದಲೇ. "ಈ ಬಂಗಾರದ ನಲ್ಲಿ ಆರು ತಿಂಗಳಿಗೆ ಬಣ್ಣ ಬಿಡುತ್ತೆ. ಲೈಸೆನ್ಸ್ ಇದೆಯಾ ನಿಮಗೆ? ಇಲ್ಲ ತಾನೆ? ಮತ್ತೆ ಮನೆ ಮುಂದೆ ನಿಲ್ಲಿಸಿ ಪೂಜೆ ಮಾಡ್ತೀರಾ?"

ಸಾಹುಕಾರರು ನನ್ನನ್ನು ಆಚೆಗೆ ಅಟ್ಟುತ್ತಾರೆ ಎಂದುಕೊಂಡೆ. ಆ ಜೋಡಿ ಅರ್ಧ ಗಂಟೆಯಲ್ಲಿ ಒಂದು ಆಮೆಗೆ ಮುಂಗಡ ಕೊಟ್ಟು ಹೋಯಿತು. ಹೋಗುವಾಗ ಆ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ನನಗೆ ಮಾತ್ರ ಆ ಗಂಡನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಏಪ್ರಿಲ್ 12, ಶನಿವಾರ

ಶನಿವಾರ, ಭಾನುವಾರ ಕೆಲಸಕ್ಕೆ ಬನ್ನಿ ಎಂದರು. ಸಂಬಳ ಕೊಡುತ್ತಾರಂತೆ. "ನೀವು ಬೈದ ಗಾಡಿ ಬಿಟ್ಟು ಬೈಯದ ಗಾಡಿ ಜನ ಕಣ್ಣುಮುಚ್ಚಿ ತಗೋತಾರೆ. ನಾನು ಹೊಗಳಿದ್ರೆ ಯಾರು ನಂಬ್ತಾರೆ?" ಎಂದರು. ಬಯ್ಯುವುದಕ್ಕೆ ಸಂಬಳ ಸಿಗುತ್ತದೆಂದು ಮೊದಲೇ ಗೊತ್ತಿದ್ದರೆ ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿಸುತ್ತಿದ್ದೆ.

ಬೆಲೆ ಕಟ್ಟುವ ಕ್ರಮ ಹೇಳಿಕೊಟ್ಟರು. ಮಾರಲು ಬಂದ ಗಾಡಿಯ ಬಾಗಿಲು ಕಿಟಕಿ ಮುಚ್ಚಿ ಒಂದು ಇಡೀ ದಿನ ಬಿಸಿಲಿಗೆ ನಿಲ್ಲಿಸುವುದು. ಯಾರೂ ಒಳಗೆ ಹೋಗುವ ಹಾಗಿಲ್ಲ. ಮಾರುವವರು ಗೇಟಿನ ಹತ್ತಿರವೇ ಇರಬೇಕು, ಜೊತೆಗೆ ಬಿಟ್ಟರೆ ಬಾಯಿ ಹಾಕುತ್ತಾರೆ. ಆಮೇಲೆ ಬೆಲೆ ಕಟ್ಟುವವರು ಒಬ್ಬರೇ ಬಾಗಿಲು ತೆರೆದು ಮೊದಲ ಉಸಿರು ಎಳೆಯುವುದು. ಆ ಮೊದಲ ಉಸಿರಿನಲ್ಲೇ ಒಳಗಿನ ಒದ್ದೆಯ ವಾಸನೆ ಗೊತ್ತಾಗಬೇಕು. ಐದು ನಿಮಿಷ ಒಳಗಿದ್ದರೆ ಮೂಗು ಒಗ್ಗಿಹೋಗುತ್ತದೆ, ಮತ್ತೆ ಹೆಣ ಇಟ್ಟಿದ್ದರೂ ಗೊತ್ತಾಗುವುದಿಲ್ಲ. ಮೂಗು ತೋರಿಸಿದ ಕಡೆ ತೇವ ಅಳೆಯುವ ಎರಡು ಮುಳ್ಳಿನ ಮೀಟರು ಒತ್ತಬೇಕು. ಹದಿನೈದರ ಒಳಗಿದ್ದರೆ ಒಣ. ಇಪ್ಪತ್ತೈದು ದಾಟಿದರೆ ಒಳಗಿನ ಮರ ಕೊಳೆಯುತ್ತಿದೆ.

ಪರೀಕ್ಷೆಗೆಂದು ನಾಲ್ಕು ಗಾಡಿಗೆ ನನ್ನನ್ನು ಹತ್ತಿಸಿದರು. ನಾಲ್ಕೂ ಸರಿ ಹೇಳಿದೆ. ದಿನವೂ ಜನರ ಒದ್ದೆ ಬಟ್ಟೆಯ ನಡುವೆ ಬದುಕುವವಳಿಗೆ ಇದೇನು ಮಹಾ.

ಏಪ್ರಿಲ್ 13, ಭಾನುವಾರ

ಅವನ ಫೋನ್ ಬಂತು. ಎತ್ತಲಿಲ್ಲ. ಗಿರಾಕಿಗಳಿದ್ದರು.

ಮೇ 3, ಶನಿವಾರ

ಒಬ್ಬ ಪ್ರೊಫೆಸರ್ ತನ್ನ ಹಂಸ ತಂದಿದ್ದ. ಹಿಂದಿನ ಗೋಡೆ ಇಪ್ಪತ್ತೊಂಬತ್ತು. "ನೀವು ಯಾರು ಹೇಳೋಕೆ?" ಎಂದ. "ಮೀಟರು ಹೇಳ್ತಿದೆ, ನನ್ನನ್ನಲ್ಲ, ಅದನ್ನೇ ಕೇಳಿ" ಎಂದೆ. ಸಾಹುಕಾರರು ಬಂದು ನೋಡಿ "ಇವರು ಬರೆದದ್ದೇ ಬೆಲೆ" ಎಂದು ಹೊರಟುಹೋದರು. ಪ್ರೊಫೆಸರ್ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

ಈ ತಿಂಗಳಿಂದ ವಾರಕ್ಕೆ ನಾಲ್ಕು ದಿನ ಯಾರ್ಡು. ಲಾಂಡ್ರಿಯವನು ಮುನಿಸಿಕೊಂಡಿದ್ದಾನೆ. ಮುನಿಸಿಕೊಳ್ಳಲಿ.

ಮೇ 19, ಸೋಮವಾರ

ಸಂಧಾನ. ಅವನು ನಲವತ್ತೆಂಟು ಎಂದ, ನಾನು ಅರವತ್ತು ಎಂದೆ. "ಮೊದಲು ಎಪ್ಪತ್ತು ಅಂತಿದ್ರಲ್ಲ?" ಎಂದಳು ಸಂಧಾನದಮ್ಮ. "ಎಪ್ಪತ್ತು ಬರಲ್ಲ. ಚಾವಣಿಯಲ್ಲಿ ಜೋಡಣೆ ಇದೆ" ಎಂದೆ. ಅವನು ನನ್ನನ್ನೇ ನೋಡಿದ. ಏನು ನೋಡುವುದು, ಕೊಂಬು ಬಂದಿದೆಯೇ?

ಕೊನೆಗೆ ಅವಳು, ಗಾಡಿಯನ್ನು ಯಾರ್ಡಿಗೆ ತಂದು ಸಾಹುಕಾರರಿಂದಲೇ ಬೆಲೆಚೀಟಿ ಬರೆಸಿ ಎಂದಳು. ನಾನು ಅಲ್ಲೇ ಕೆಲಸ ಮಾಡುತ್ತಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು "ಇವಳಾ? ಕೆಲಸಕ್ಕಾ?" ಎಂದ. ಎದ್ದು ಬಂದುಬಿಟ್ಟೆ. ಇನ್ನೊಂದು ನಿಮಿಷ ಕೂತಿದ್ದರೆ ಮೇಜಿನ ಮೇಲಿನ ನೀರಿನ ಜಗ್ಗು ಅವನ ನೆತ್ತಿಯ ಮೇಲಿರುತ್ತಿತ್ತು.

ಗಲ್ಲಿಯ ಅಜ್ಜಿ ದಾರಿಯಲ್ಲಿ ಸಿಕ್ಕಳು. ಬೇರೆಯವರು ಕೇಳುತ್ತಿದ್ದಾರಂತೆ. ಇನ್ನೊಂದು ತಿಂಗಳು ತಡಿಯಿರಿ ಎಂದೆ. ಬಾಗಿಲಿಗೆ ಯಾವ ಬಣ್ಣ ಹಚ್ಚಿಸುವುದೆಂದು ಕೂಡ ಯೋಚಿಸಿಟ್ಟಿದ್ದೇನೆ.

ಜೂನ್ 7, ಶನಿವಾರ

ಊಟಕ್ಕೂ ಕೂರದೆ ಬರೆಯುತ್ತಿದ್ದೇನೆ.

ಅವನು ನಿನ್ನೆಯೇ ಹಂಸವನ್ನು ಬಿಸಿಲಿಗೆ ನಿಲ್ಲಿಸಿ ಹೋಗಿದ್ದ. ಇವತ್ತು ನೋಡುವ ಹೊತ್ತಿಗೆ ಸಾಹುಕಾರರಿಗೆ ನೆಗಡಿ. ಮೂಗು ಕೆಂಡಸಂಪಿಗೆಯಾಗಿದೆ, ಪೆಟ್ರೋಲ್ ಹಿಡಿದರೂ ವಾಸನೆ ಗೊತ್ತಾಗದು. "ಮುಂದಿನ ವಾರ ಬನ್ನಿ, ಇಲ್ಲಾಂದ್ರೆ ಇವರು ನೋಡಲಿ. ಇಲ್ಲಿ ನನ್ನ ಬಿಟ್ರೆ ಇವರೇ" ಎಂದರು.

"ನೋಡಲಿ" ಎಂದ ಅವನು. "ಅರವತ್ತು ಅಂತ ಬರೀತಾಳೆ. ನಾನು ಬೇರೆ ಕಡೆ ತೋರಿಸ್ತೀನಿ, ಅಷ್ಟೇ ತಾನೆ."

ಸಿಟ್ಟಿನಲ್ಲೇ ಹೋಗಿ ಬಾಗಿಲು ತೆರೆದೆ. ಮೊದಲ ಉಸಿರು ಎಳೆದೆ. ನಿಂತಲ್ಲೇ ನಿಂತೆ.

ಹಾಸಿಗೆಯ ಆಚೆ, ನನ್ನ ಬಟ್ಟೆಯ ಕಪಾಟಿನ ಮೇಲಿನ ಮೂಲೆ. ಮೀಟರು ಒತ್ತಿದೆ. ಮೂವತ್ತನಾಲ್ಕು. ಒರೆಸಿ ಮತ್ತೆ ಒತ್ತಿದೆ. ಮೂವತ್ತನಾಲ್ಕೇ. ಹೆಬ್ಬೆರಳಿಟ್ಟರೆ ಗೋಡೆ ನೆನೆದ ರಟ್ಟಿನಂತೆ ಒಳಗೆ ಹೋಯಿತು. ಹೊರಗಿನಿಂದ ನೋಡಿದರೆ ಹಾಲಿನಂಥ ಬಿಳುಪು, ಒಂದು ಕಲೆಯಿಲ್ಲ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದು ಬಂದೆ. ಗಾಡಿಯ ಬಾಗಿಲು ತೆರೆದವಳೇ "ಏನೋ ವಾಸನೆ ಬರ್ತಿದೆ" ಎಂದೆ. "ನಿನ್ನ ಮೂಗಿಗೆ ಬೇರೆ ಕೆಲಸ ಇಲ್ಲ" ಎಂದ. ಎರಡು ದಿನ ಹುಡುಕಾಡಿದೆ, ಮೂರನೇ ದಿನ ನನಗೂ ವಾಸನೆ ಬರಲಿಲ್ಲ. ಅವನು ಗೆದ್ದ. ಅವತ್ತೇ ನೋಡಿಸಿದ್ದರೆ ಒಂದು ಕೊಳವೆ ಅಂಟಿನಲ್ಲಿ ಮುಗಿಯುತ್ತಿತ್ತು.

ಕಪಾಟಿನ ಎದುರು ನಿಂತು ಲೆಕ್ಕ ಹಾಕಿದೆ. ಒಳಗೆ ನಾನೊಬ್ಬಳೇ. ಸಾಹುಕಾರರ ಮೂಗು ಕಟ್ಟಿದೆ. ಈ ಮೂಲೆಗೆ ಮೀಟರು ತಗುಲಿಸಲೇ ಇಲ್ಲ ಎಂದರೆ ಕೇಳುವವರು ಯಾರು? ಅರವತ್ತು ಎಂದು ಬರೆದರೆ ಇವನು ಬೇರೆ ಕಡೆ ತೋರಿಸಿಯಾನು. ತೋರಿಸಲಿ, ಎಷ್ಟು ಜನ ಈ ಮೂಲೆಗೆ ಕೈ ಹಾಕುತ್ತಾರೆ? ಬೀದಿಗೆ ತೆರೆಯುವ ಬಾಗಿಲು ಕಣ್ಣ ಮುಂದೆ ಬಂತು. ಇದನ್ನು ಬರೆಯುವುದೆಂದರೆ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದು.

ಆದರೆ ಎಂಥ ಸಿಟ್ಟು ಬಂತೆಂದರೆ. ಬಂದ ವಾಸನೆಯನ್ನು ಬಂದಿಲ್ಲ ಎನ್ನಬೇಕೆ? ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನು ನನ್ನಿಂದ ಹೇಳಿಸಿದ್ದು ಅದನ್ನೇ. ಈಗ ಅವನಿಲ್ಲದೆಯೂ ನಾನೇ ನನಗೆ ಅದನ್ನು ಹೇಳಿಕೊಳ್ಳಬೇಕೆ? ಚೀಟಿ ತೆಗೆದು ಮೂವತ್ತೊಂಬತ್ತು ಎಂದು ಬರೆದೆ. ಒತ್ತಿ ಬರೆದದ್ದಕ್ಕೆ ಕಾಗದ ಹರಿಯಿತು. ಇನ್ನೊಂದು ಬರೆದೆ.

"ಎಷ್ಟು?" ಎಂದ ಗೇಟಿನ ಹತ್ತಿರ.

"ಮೂವತ್ತೊಂಬತ್ತು."

"ನಾನೇ ನಲವತ್ತೆಂಟು ಅಂದಿದ್ನಲ್ಲೇ. ಅದಕ್ಕೇ ತಾನೆ ಮೂರು ತಿಂಗಳು ನನ್ನ ಸುಳ್ಳುಗಾರ ಅಂದಿದ್ದು?"

"ನೀನು ಹೇಳಿದ್ದೂ ಸುಳ್ಳೇ. ನಿಜ ಇನ್ನೂ ಕಡಿಮೆ."

ಒಳಗೆ ಕರೆದುಕೊಂಡು ಹೋಗಿ ಅವನ ಹೆಬ್ಬೆರಳನ್ನು ಆ ಮೂಲೆಗೆ ಒತ್ತಿಸಿದೆ. ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಪ್ಯಾಂಟಿಗೆ ಒರೆಸಿಕೊಂಡ. "ದಿನಾ ಇಲ್ಲೇ ಮಲಗ್ತೀನಿ ನಾನು. ನನಗೆ ಗೊತ್ತೇ ಆಗಿಲ್ಲ" ಎಂದ.

"ಹತ್ತು ದಿನ ಹೊರಗಿದ್ದು ಬಾ. ಗೊತ್ತಾಗುತ್ತೆ" ಎಂದೆ. ಇನ್ನೂ ಬೇಕಾದಷ್ಟು ಹೇಳುವುದಿತ್ತು. ಮುಂದಿನ ಗಾಡಿ ಕಾಯುತ್ತಿತ್ತು.

ಜೂನ್ 8, ಭಾನುವಾರ

ಅಜ್ಜಿಗೆ ಆಗುವುದಿಲ್ಲ ಎಂದು ಹೇಳಿ ಬಂದೆ. ಪಾಪ, ಒಳಗೆ ಬಾ ಎಂದಳು. ಹೋಗಲಿಲ್ಲ.

ಜೂನ್ 24, ಮಂಗಳವಾರ

ಕೊನೆಯ ಸಂಧಾನ. ಸಂಧಾನದಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದಕ್ಕೆ ಸಹಿ ಹಾಕಿರೋರು ಇವರೇ. ನೀವು ಒಪ್ಪಲೇಬೇಕು ಅಂತಿಲ್ಲ" ಎಂದು ಅವನಿಗೆ ಹೇಳಿದಳು. "ಬೇರೆ ಯಾರ್ಡಲ್ಲಿ ತೋರಿಸಿ. ಯಾರಿಗೆ ಗೊತ್ತು, ಅವರು ಜಾಸ್ತಿನೇ ಕಟ್ಟಬಹುದು. ಇಬ್ಬರಿಗೂ ಅನುಕೂಲ."

"ಬೇಡ" ಎಂದ. "ಗಾಡಿ ನಾನೂ ಇಟ್ಕೊಳ್ಳಲ್ಲ. ಮಾರಿಬಿಡೋಣ. ಇವಳು ಬರೆದಿರೋ ಬೆಲೆಗೇ, ಗೋಡೆ ಒದ್ದೆ ಅಂತ ಹೇಳಿಯೇ."

"ನಿಮಗೂ ನಷ್ಟ ಆಗುತ್ತೆ. ಒಂದು ವಾರ ಯೋಚನೆ ಮಾಡಿ."

"ಯೋಚನೆ ಏನಿಲ್ಲ ಮೇಡಂ. ಇವಳು ನೋಡಿದಾಳೆ. ಇವಳು ಅಷ್ಟು ಅಂದ್ರೆ ಅಷ್ಟೇ."

ಎಲ್ಲ ಕಡೆ ಸಹಿ ಹಾಕಿದೆವು. ನನ್ನ ಪಾಲು ಹತ್ತೊಂಬತ್ತೂವರೆ. ಅದರಲ್ಲಿ ಆ ಮನೆಯ ಒಂದು ಕೋಣೆ ಬಂದೀತು, ಬೀದಿಯ ಬಾಗಿಲು ಬರುವುದಿಲ್ಲ. ಅದನ್ನು ಹೇಗೋ ನುಂಗಿಕೊಳ್ಳುತ್ತೇನೆ. ಹೊರಗೆ ಬಂದಾಗ ಅವನು ಮೆಟ್ಟಿಲ ಹತ್ತಿರ ನಿಂತಿದ್ದ. ನಾನು ದುರುಗುಟ್ಟಿ ನೋಡಿದೆ. "ಈಗ ಇನ್ನೇನಾಯ್ತು? ನೀನು ಹೇಳಿದ್ದಕ್ಕೆ ಒಪ್ಪಿದೆನಲ್ಲ" ಎಂದ. ನಿಜವಾಗಿಯೂ ಅರ್ಥವಾಗಿರಲಿಲ್ಲ ಅವನಿಗೆ. ನಾನು ಬಸ್ಸು ಹತ್ತಿದೆ.

ಇವಳು ಅಂದ್ರೆ ಅಷ್ಟೇ. ಎಷ್ಟು ಸಲೀಸಾಗಿ ಬಂತು ಅವನ ಬಾಯಿಂದ. ಇಷ್ಟು ವರ್ಷವೂ ನಾನು ಸಮಾಧಾನ ಮಾಡಿಕೊಂಡದ್ದು ಒಂದೇ ಮಾತಿನಿಂದ, ಅವನ ಜಾಯಮಾನವೇ ಹಾಗೆ, ನಾನು ಹೇಳಿದ್ದು ಸರಿ ಎಂದು ಅವನಿಗೆ ಹೇಳಲು ಬರುವುದಿಲ್ಲ ಎಂದು. ಬರುತ್ತಿತ್ತು, ಹೇಳಿರಲಿಲ್ಲ ಅಷ್ಟೇ. ಬರದವನ ಮೇಲಿನ ಸಿಟ್ಟಾಗಿದ್ದರೆ ಒಂದಲ್ಲ ಒಂದು ದಿನ ಇಳಿಯುತ್ತಿತ್ತು.